ಮೊಂತಿ ಹಬ್ಬದ ಫೋಟೊ

ಯಲ್ಲಾಪುರ
೧೪ ಜೂನ್ ೨೦೨೩

ಗುಡ್ನಾಪುರದ ಶ್ರೀಮತಿ ದೇವಕ್ಕನವರಿಗೆ ಬೆನೆಡಿಕ್ಟಾ ರೊಡ್ರಿಗಿಸ್ ಮಾಡುವ ನಮಸ್ಕಾರ.

ನೀವು ನನ್ನನ್ನು ನೋಡಿದವರಲ್ಲ. ನಿಮ್ಮ ಮೊಮ್ಮಗಳು ಶ್ರೀವಾಣಿ ಏಪ್ರಿಲ್ ಹದಿನೈದರಿಂದ ನಮ್ಮ ಮನೆಯಲ್ಲಿದ್ದಾಳೆ. ನಿಮ್ಮ ಮಗಳು ಶಿಲ್ಪಾ ಫೆಬ್ರವರಿಯಲ್ಲಿ ಕಾಮಾಲೆಯಾಗಿ ತೀರಿಕೊಂಡದ್ದು ನಿಮಗೆ ಗೊತ್ತಿದೆ ಎಂದು ಕೇಳಿದ್ದೇನೆ. ಅಳಿಯ ಕಿರಣ ಮಾರ್ಚಿನಲ್ಲಿ ಲಾರಿಗೆ ಲೋಡು ಹಾಕಿಕೊಂಡು ಅಂಕೋಲೆ ಕಡೆ ಹೋದವ ತಿರುಗಿ ಬಂದಿಲ್ಲ. ಫೋನೂ ಹೋಗುವುದಿಲ್ಲ. ಟಿಂಬರ್ ಡಿಪೋ ಹಿಂದಿನ ಬಾಡಿಗೆ ಮನೆಯಲ್ಲಿ ಎಂಟು ವರ್ಷದ ಮಗುವೊಂದೇ ಅನ್ನ ಬೇಯಿಸಿಕೊಂಡು ಇದ್ದದ್ದನ್ನು ಪಕ್ಕದ ಮನೆಯ ಕಾರ್ಮಿನ್ ಬಾಯಿ ನೋಡಿ ನಮ್ಮ ಚರ್ಚಿಗೆ ಸುದ್ದಿ ಮುಟ್ಟಿಸಿದಳು. ಪಾದ್ರಿಗಳು ಕಾರವಾರದ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಿದರು. ಸಮಿತಿಯವರು ಮನೆ ನೋಡಿ, ನನ್ನನ್ನೂ ನನ್ನ ಗಂಡ ಇನಾಸರನ್ನೂ ಪ್ರಶ್ನೆ ಕೇಳಿ, ಒಂದು ವರ್ಷದ ಮಟ್ಟಿಗೆ ಮಗುವನ್ನು ಸಾಕಲು ನಮಗೆ ಒಪ್ಪಿಸಿದ್ದಾರೆ.

ವರ್ಷ ಮುಗಿದ ಮೇಲಿನದು ನನ್ನ ಚಿಂತೆ. ಬರುವ ಏಪ್ರಿಲಿನೊಳಗೆ ರಕ್ತಸಂಬಂಧದವರು ಯಾರೂ ಬಂದು ಕೇಳದಿದ್ದರೆ ಅವಳ ಹೆಸರು ದತ್ತಿನ ಪಟ್ಟಿಗೆ ಹೋಗುತ್ತದೆ. ಆಮೇಲೆ ಯಾವ ಊರಿನವರೋ, ಯಾವ ಭಾಷೆಯವರೋ. ನಮಗೆ ಕೊಡುವುದಿಲ್ಲ. ನಮ್ಮಿಬ್ಬರ ವಯಸ್ಸು ಕೂಡಿಸಿದರೆ ಕಾನೂನಿನ ಮಿತಿ ದಾಟುತ್ತದೆ. ಮಕ್ಕಳ ರಕ್ಷಣಾ ಘಟಕದ ನಮಿತಾ ಮೇಡಂ ನಿಮ್ಮ ಮನೆಗೆ ಫೋನು ಮಾಡಿದಾಗ ನಿಮ್ಮ ಯಜಮಾನರು "ಆ ಹೆಸರಿನ ಮಗಳು ನಮಗಿಲ್ಲ" ಎಂದು ಇಟ್ಟರಂತೆ. ಅದು ಮನೆಯವರೆಲ್ಲರ ಮಾತೋ ಅವರೊಬ್ಬರದೋ ತಿಳಿಯದೆ, ಮೇಡಂ ಒಪ್ಪಿಗೆ ಪಡೆದು ನಿಮಗೇ ಬರೆಯುತ್ತಿದ್ದೇನೆ.

ಫೋನಿರುವ ಕಾಲದಲ್ಲಿ ಕಾಗದ ಯಾಕೆ ಅನ್ನಬೇಡಿ. ಮೂವತ್ತೆಂಟು ವರ್ಷ ಅಂಚೆ ಕಚೇರಿಯಲ್ಲಿ ಬೇರೆಯವರ ಕಾಗದಕ್ಕೆ ಮೊಹರು ಹೊಡೆದವಳು ನಾನು. ಫೋನನ್ನು ಯಾರು ಬೇಕಾದರೂ ಎತ್ತುತ್ತಾರೆ.

ಬೆನೆಡಿಕ್ಟಾ (ಇಲ್ಲಿ ಎಲ್ಲರಿಗೂ ಬೆನ್ನಿಬಾಯಿ)


ಗುಡ್ನಾಪುರ
೨ ಜುಲೈ ೨೦೨೩

ಬೆನ್ನಿಬಾಯಾರಿಗೆ ದೇವಕ್ಕನ ಶರಣು.

ನಿಮ್ಮ ಕಾಗದ ಬಂದಾಗ ನಮ್ಮ ಮನಿಯವರು ಬನವಾಸಿಗೆ ಹೋಗಿದ್ರು, ನನ್ನ ಪುಣ್ಯ. ಇನ್ನ ಮುಂದ ಈ ವಿಳಾಸಕ್ಕ ಹಾಕಬ್ಯಾಡ್ರಿ. ಕೆಳಗ ಮಂಜಿ ಅನ್ನಾಕಿ ವಿಳಾಸ ಬರದೀನಿ. ನಮ್ಮ ಹಿತ್ತಲದ ಬೇಲಿ ಆಚೀಗೇ ಆಕಿ ಮನಿ. ಓದಾಕ ಬರೂದಿಲ್ಲ, ಹಂಗಾಗಿ ನಂಬಿಗಸ್ತಳು.

ನಾ ಏಳನೇತ್ತಾ ಕಲತಾಕಿ. ತಪ್ಪಿದ್ರ ತಿದ್ದಿ ಓದ್ರಿ. ಕೂಸು ಊಟಾ ಮಾಡತದೋ ಇಲ್ಲೋ? ರಾತ್ರಿ ಅಳತದೋ? ತೆಲಿಯಾಗ ಹೇನು ಆಗಿದ್ರ ಬೇವಿನೆಣ್ಣಿ ಹಚ್ಚ್ರಿ. ಕೊರಳಾಗ ಬೆಳ್ಳಿ ಕರಡಿಗಿ ಐತೇನ್ರಿ? ತತ್ತಿ ಆಕಾರದ್ದು, ಒಂದ ಮಗ್ಗಲಾ ಸ್ವಲ್ಪ ತಗ್ಗಾಗಿದ್ದು. ಅದರಾಗ ಲಿಂಗ ಐತಿ. ಐತಿ ಅಂತ ಒಂದ ಮಾತು ಬರೀರಿ, ನನಗ ಸಾಕು.

ಕೂಸಿನ್ನ ನಮ್ಮನಿಗೆ ಕರ್ಕೊಂಬರಾಕ ಆಗೂದಿಲ್ರಿ. ಯಾಕಂತ ಕೇಳಬ್ಯಾಡ್ರಿ.

ದೇವಕ್ಕ


ಯಲ್ಲಾಪುರ
೨೦ ಜುಲೈ ೨೦೨೩

ದೇವಕ್ಕನವರೇ,

ಕರಡಿಗೆ ಇದೆ. ಮೊದಲ ದಿನ ಸ್ನಾನಕ್ಕೆ ಕರೆದಾಗ ಎರಡೂ ಕೈಯಲ್ಲಿ ಹಿಡಿದುಕೊಂಡು, "ಇದನ್ನ ತೆಗೀಬಾರ್ದು, ಅಮ್ಮ ಹೇಳಿದಾಳೆ" ಎಂದು ಬಚ್ಚಲ ಬಾಗಿಲಲ್ಲೇ ನಿಂತಳು. ತೆಗೆಯಲಿಲ್ಲ.

ಊಟ ಮಾಡುತ್ತಾಳೆ. ನಿಮ್ಮ ಕಡೆಯವರು ಮೀನು ಮಾಂಸ ಮುಟ್ಟುವುದಿಲ್ಲ ಎಂದು ನನಗೆ ಗೊತ್ತು. ನಮ್ಮ ಇನಾಸ್ ಸಾಮಿಲ್ಲಿನಲ್ಲಿ ಗರಗಸ ಹರಿತ ಮಾಡುತ್ತಿದ್ದ ಮನುಷ್ಯ, ಬಂಗಡೆ ಇಲ್ಲದೆ ಅವರಿಗೆ ಊಟ ಇಳಿಯುವುದಿಲ್ಲ. ಅದಕ್ಕೊಂದು ದಾರಿ ಮಾಡಿದ್ದೇವೆ. ಮೀನು ಈಗ ಕಾರ್ಮಿನ್ ಬಾಯಿಯ ಒಲೆಯಲ್ಲಿ ಬೇಯುತ್ತದೆ, ಇನಾಸ್ ಅಲ್ಲೇ ಜಗಲಿಯಲ್ಲಿ ಕೂತು ಉಂಡು, ಬಾಯಿ ತೊಳೆದುಕೊಂಡು ಮನೆಗೆ ಬರುತ್ತಾರೆ. ಮದುವೆಯಾಗಿ ಮೂವತ್ತಾರು ವರ್ಷಕ್ಕೆ ನನ್ನ ಗಂಡ ಬೇರೆಯವಳ ಮನೆಯಲ್ಲಿ ಉಣ್ಣುತ್ತಾರೆ ಎಂದು ಊರಿಗೆಲ್ಲ ಹೇಳಿ ನಗುತ್ತಿದ್ದೇನೆ.

ನಮ್ಮ ವಾಡೊದ, ಅಂದರೆ ಚರ್ಚಿನ ಕೇರಿಯ, ಹನ್ನೊಂದು ಮನೆಯವರು ಸರದಿ ಹಾಕಿಕೊಂಡಿದ್ದಾರೆ. ಕ್ವಾಯರಿನ ಮಾಸ್ತರು ಗಣಿತ ಹೇಳಿಕೊಡುತ್ತಾರೆ, ಒಬ್ಬರು ಶಾಲೆಗೆ ಬಿಡುತ್ತಾರೆ, ಒಬ್ಬರು ಸಮವಸ್ತ್ರ ಹೊಲಿದರು. ಹಾಗೆಂದು ಎಲ್ಲರೂ ದೇವದೂತರೇನಲ್ಲ. "ಜ್ಞಾನಸ್ನಾನ ಆಗದ ಮಗುವಿಗೆ ಇಷ್ಟೆಲ್ಲ ಯಾಕೆ?" ಎಂದು ಒಬ್ಬರು ಕೇಳಿಯೇಬಿಟ್ಟರು. ಪಾದ್ರಿಗಳು ಆ ಭಾನುವಾರ ಪ್ರವಚನದ ಕೊನೆಯಲ್ಲಿ, "ಮಗು ನಮ್ಮಲ್ಲಿರುವುದು ನೋಡಿಕೊಳ್ಳುವುದಕ್ಕೆ. ಅದರ ಹೆಸರು, ಅದರ ತಟ್ಟೆ, ಅದರ ಕೊರಳು, ಈ ಮೂರನ್ನು ಯಾರೂ ಮುಟ್ಟಬಾರದು" ಎಂದರು. ಅಲ್ಲಿಗೆ ಬಾಯಿ ಮುಚ್ಚಿತು.

ಯಾಕೆ ಎಂದು ಕೇಳಬೇಡಿ ಎಂದಿರಿ. ಕೇಳುವುದಿಲ್ಲ. ಆದರೆ ಏಪ್ರಿಲ್ ಕೇಳದೆ ಬಿಡುವುದಿಲ್ಲ. ಅಷ್ಟು ಅಕ್ಕರೆಯಿಂದ ಬೇವಿನೆಣ್ಣೆ ಹಚ್ಚಲು ಹೇಳುವವರು, ಒಂದು ಅರ್ಜಿಗೆ ಸಹಿ ಹಾಕಲು ಯಾಕೆ ಹಿಂದೆ ಸರಿಯುತ್ತೀರೋ ನನಗೆ ಅರ್ಥವಾಗುವುದಿಲ್ಲ.

ಬೆನ್ನಿಬಾಯಿ


ಗುಡ್ನಾಪುರ
೧೧ ಆಗಸ್ಟ್ ೨೦೨೩

ಬಾಯಾರ,

ನಿಮಗ ನಾ ಕಲ್ಲೆದಿಯಾಕಿ ಅನಸಿರಬೇಕು. ನಿಮ್ಮ ಕಾಗದದ ಕಡೀ ಸಾಲು ಓದಿ ಎರಡ ದಿನ ನಿಮ್ಮ ಮ್ಯಾಲ ಸಿಟ್ಟಾಗಿದ್ದೆ. ಕೂಸಿನ್ನ ಲಗೂನ ಸಾಗಹಾಕೂ ವಿಚಾರ ಇರಬೇಕು ಇವರದು, ಅಂತ. ಆಮ್ಯಾಲ ಮೀನದ ಸುದ್ದಿ ಮತ್ತ ಓದಿದೆ. ಗಂಡನ್ನ ಬ್ಯಾರೇ ಮನಿಗೆ ಉಣ್ಣಾಕ ಕಳಸಾಕಿ ಹಂಗ ವಿಚಾರ ಮಾಡೂದಿಲ್ಲ ಅನಸ್ತು.

ಈಗ ಹೇಳತೀನಿ. ಕಿರಣ ನಮ್ಮವರ ಪೈಕಿ ಅಲ್ಲ. ಶಿಲ್ಪಾ ಅವನ ಕೂಡ ಹೋದ ದಿನ ನಮ್ಮ ಮನಿಯವರು ಬಾಗಲದಾಗ ನಿಂತು, ಆಕಿ ನಮ್ಮ ಪಾಲಿಗೆ ಇಲ್ಲ ಅಂದ್ರು. ಆವತ್ತಿನಿಂದ ಆಕಿ ಹೆಸರು ಮನಿಯಾಗ ಬಂದಿಲ್ಲ. ಸತ್ತ ಸುದ್ದಿ ಬಂದಾಗ ಮೂರ ದಿನ ಉಣಲಿಲ್ಲ, ಖರೆ, ಆದ್ರ ಹೆಸರು ಆಗೂ ತಗೀಲಿಲ್ಲ. ನಮ್ಮ ಯಜಮಾನ್ರು ಪರಮೇಶ್ವರಪ್ಪನವರು ಕೆಟ್ಟವರಲ್ರಿ. ಆಡಿದ ಮಾತು ಹಿಂದಕ್ಕ ತಗೊಳ್ಳಾಕ ಬರೂದಿಲ್ಲ, ಅಷ್ಟ.

ಶಿಲ್ಪಾ ಶಿರಸಿ ದವಾಖಾನ್ಯಾಗ ಹಡದಾಗ ನಾ ಮದುವಿಗೆ ಹೊಂಟೀನಿ ಅಂತ ಸುಳ್ಳ ಹೇಳಿ ಹೋದೆ. ಮಠದ ಅಯ್ನೋರ ಕಡಿಂದ ಲಿಂಗ ತಗೊಂಡು, ಸಂಬಂಧಿಕರ ಕೂಸಿಗೆ ಅಂತ ಅವರಿಗೂ ಸುಳ್ಳ ಹೇಳಿ, ನನ್ನ ಕೈಯಾರೆ ಕೂಸಿನ ಕೊರಳಿಗೆ ಕಟ್ಟಿದೆ. ಸಾಯೂತನಕಾ ಮೈಯಿಂದ ಬ್ಯಾರೆ ಆಗಬಾರದು, ಜಳಕಕ್ಕೂ ತಗೀಬ್ಯಾಡ ಅಂತ ಶಿಲ್ಪಾಗ ಆಣಿ ಹಾಕಿದೆ. ಲಿಂಗ ಮೈಮ್ಯಾಲಿದ್ರ ಕೂಸು ನಮ್ಮದು. ನನಗ ಉಳದದ್ದು ಅದೊಂದ. ಇವರಿಗೆ ಇವತ್ತಿಗೂ ಗೊತ್ತಿಲ್ಲ.

ಈ ಕಾಗದದ ಜೋಡಿ ಒಂದ ಇಬತ್ತಿ ಗಟ್ಟಿ ಇಟ್ಟೀನಿ. ಜಳಕಾ ಆದ ಮ್ಯಾಲ ಹಣಿಗೆ ಮೂರ ಬೆರಳಿಲೆ ಹಚ್ಚಿಕೊಂಡು, ಲಿಂಗಾನ ಅಂಗೈಮ್ಯಾಲ ಹಿಡದು ಒಂದ ಚಣ ಕುಂಡರಲಿ. ಮಂತ್ರ ಗಿಂತ್ರ ಬ್ಯಾಡ. ಕೂಸಿಂದು ಒಂದ ಫೋಟೊ ತಗದ ಕಳಸ್ರಿ. ಹುಟ್ಟಿದಾಗ ನೋಡಿದ್ದು.

ದೇವಕ್ಕ


ಯಲ್ಲಾಪುರ
೧೦ ಸೆಪ್ಟೆಂಬರ್ ೨೦೨೩

ದೇವಕ್ಕನವರೇ,

ಫೋಟೊ ಇದರ ಜೊತೆ ಇದೆ. ಒಳ್ಳೆಯ ದಿನ ನೋಡಿ ತೆಗೆಸೋಣ ಎಂದು ಮೊಂತಿ ಹಬ್ಬದವರೆಗೆ ಕಾದೆ. ಸೆಪ್ಟೆಂಬರ್ ಎಂಟು ನಮ್ಮ ಮರಿಯಮ್ಮನ ಹುಟ್ಟುಹಬ್ಬ. ಮಕ್ಕಳೆಲ್ಲ ತಟ್ಟೆಯಲ್ಲಿ ಹೂವು ತಂದು ಅಮ್ಮನಿಗೆ ಹಾಕುತ್ತಾರೆ, ಹೊಸ ಭತ್ತದ ತೆನೆ ಮನೆಗೆ ಬರುತ್ತದೆ. ಆ ದಿನ ನಮ್ಮಲ್ಲಿ ಮೀನಿಲ್ಲ, ಮಾಂಸವಿಲ್ಲ, ಬರೀ ತರಕಾರಿ. ನಮ್ಮಜ್ಜ ಮಂಗಳೂರು ಕಡೆಯಿಂದ ಮರದ ಕೆಲಸಕ್ಕೆ ಬಂದಾಗ ತಂದ ಪದ್ಧತಿ. ಇನಾಸ್ ಅವತ್ತು ಮನೆಯಲ್ಲೇ ಉಂಡರು.

ವಾಣಿಯನ್ನು ನಾನು ಚರ್ಚಿನ ಒಳಗೆ ಕರೆದಿರಲಿಲ್ಲ. ಉಳಿದ ಮಕ್ಕಳು ಹೂವು ಒಯ್ಯುವುದನ್ನು ನೋಡಿ ತನಗೂ ತಟ್ಟೆ ಬೇಕೆಂದು ಹಟ ಹಿಡಿದಳು. ಮನೆಯ ದೇವರ ಮುಂದೆಯೇ ನಿಲ್ಲಿಸಿ ತೆಗೆಸಿದೆ. ಬಿಳಿ ಫ್ರಾಕು ಕಾರ್ಮಿನ್ ಬಾಯಿ ಹೊಲಿದದ್ದು. ಹಲ್ಲು ಬಿದ್ದಿದೆ, ಅದಕ್ಕೇ ಬಾಯಿ ಮುಚ್ಚಿಕೊಂಡು ನಗುತ್ತಿದ್ದಾಳೆ.

ಇಬತ್ತಿ ದಿನಾ ಹಚ್ಚಿಕೊಳ್ಳುತ್ತಾಳೆ. ಬೇರೆಲ್ಲ ಕ್ಷೇಮ.

ಬೆನ್ನಿಬಾಯಿ


ಯಲ್ಲಾಪುರ
೨೬ ಅಕ್ಟೋಬರ್ ೨೦೨೩

ದೇವಕ್ಕನವರೇ,

ಫೋಟೊ ಮುಟ್ಟಿತೋ ಇಲ್ಲವೋ? ಒಂದೂವರೆ ತಿಂಗಳಾಯಿತು. ವಾಣಿ ದಿನಾ ಪೋಸ್ಟ್‌ಮ್ಯಾನನ್ನು ಬಾಗಿಲಲ್ಲಿ ಅಡ್ಡಗಟ್ಟುತ್ತಾಳೆ. ಮೈಯಲ್ಲಿ ಆರಾಮಿಲ್ಲವೇ? ನನ್ನ ವಿಳಾಸ ಬರೆದ ಒಂದು ಕಾರ್ಡು ಇಟ್ಟಿದ್ದೇನೆ. "ಇದ್ದೇನೆ" ಎಂದು ಒಂದೇ ಪದ ಬರೆದು ಹಾಕಿದರೂ ಆಯಿತು.

ಬೆನ್ನಿಬಾಯಿ


ಯಲ್ಲಾಪುರ
೨೪ ನವೆಂಬರ್ ೨೦೨೩

ದೇವಕ್ಕನವರಿಗೆ,

ನೀವು ಸಮಿತಿಗೆ ಕೊಟ್ಟ ದೂರಿನ ನಕಲು ನಿನ್ನೆ ನಮ್ಮ ಕೈಗೆ ಬಂತು. "ನನ್ನ ಮೊಮ್ಮಗಳ ಕೊರಳಿನ ಲಿಂಗ ತೆಗೆದು ಶಿಲುಬೆಯ ಹತ್ತಿರ ಇಟ್ಟಿದ್ದಾರೆ, ಬಿಳಿ ಅರಿವೆ ಹಾಕಿ ಅವರ ಜಾತಿಗೆ ಸೇರಿಸಿದ್ದಾರೆ, ಮಗುವನ್ನು ಅಲ್ಲಿಂದ ಬಿಡಿಸಬೇಕು." ಕೆಳಗೆ ನಿಮ್ಮ ಸಹಿ. ಬನವಾಸಿ ಅಂಚೆ ಕಚೇರಿಯಿಂದ ರಿಜಿಸ್ಟರ್ ಮಾಡಿಸಿದ್ದೀರಿ. ಅಂಚೆಯ ಮೇಲೆ ಅಷ್ಟು ನಂಬಿಕೆ ಇದ್ದವರು ನಾನು ಕಳಿಸಿದ ಕಾರ್ಡಿನಲ್ಲಿ ಒಂದು ಪ್ರಶ್ನೆ ಕೇಳಬಹುದಿತ್ತು.

ನನಗೆ ಸಿಟ್ಟು ಬಂದಿದೆ. ಮುಚ್ಚಿಡುವುದಿಲ್ಲ. ಆದರೆ ತಪ್ಪು ನನ್ನಲ್ಲೂ ಇದೆ. ಅದನ್ನು ಮೊದಲು ಹೇಳುತ್ತೇನೆ.

ಹಬ್ಬದ ಹಿಂದಿನ ಸಂಜೆ ವಾಣಿ ಪೇರಲೆ ಮರ ಹತ್ತಿದಾಗ ದಾರ ಕೊಂಬೆಗೆ ಸಿಕ್ಕಿ ಹರಿಯಿತು. ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, "ಅಮ್ಮ ಬೈತಾಳೆ, ಅಮ್ಮ ಬೈತಾಳೆ" ಎಂದು ಅಳುತ್ತಾ ಬಂದಳು. ಸತ್ತ ತಾಯಿ ಬೈಯುತ್ತಾಳೆ ಎಂದು ಅಳುವ ಮಗುವಿಗೆ ಏನು ಹೇಳುವುದು? ನನಗೊಂದು ದಾರ ಪೋಣಿಸುವುದು ದೊಡ್ಡ ಕೆಲಸವಲ್ಲ. ಆದರೆ ಕೊರಳು ಮುಟ್ಟಬಾರದು ಎಂದು ಪಾದ್ರಿಗಳು ಹೇಳಿದ್ದರು. ಮೀನು ಹೆಚ್ಚಿದ ಕೈ ನನ್ನದು, ನಿಮ್ಮ ಲಿಂಗಕ್ಕೆ ಗಂಟು ಹಾಕುವುದು ಸರಿಯಲ್ಲ ಅನ್ನಿಸಿತು. ಪೇಟೆಯಲ್ಲಿ ನಿಮ್ಮವರದೇ ಒಂದು ಅಂಗಡಿಯಲ್ಲಿ ವಿಚಾರಿಸಿದೆ. ಅಯ್ಯನವರೇ ಬರಬೇಕು, ಕರೆಸುತ್ತೇವೆ ಎಂದರು, ಅವರು ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಎಲ್ಲಿಡಲಿ? ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಮಡಿಯಾದ ಜಾಗ ಒಂದೇ, ನಮ್ಮ ಅಲ್ತಾರು, ದೇವರ ಪೀಠ. ನನ್ನ ತಾಯಿಯ ಜಪಸರ, ಸತ್ತ ಮಗನ ಫೋಟೊ ಇರುವ ಜಾಗ. ಬಿಳಿ ಬಟ್ಟೆ ಹಾಸಿ ಅದರ ಮೇಲೆ ವಾಣಿಯ ಕೈಯಿಂದಲೇ ಇಡಿಸಿದೆ. ದಿನಾ ಬೆಳಿಗ್ಗೆ ಅವಳು ಇಬತ್ತಿ ಹಚ್ಚಿಕೊಂಡು ಅದರ ಎದುರು ಕೂರುತ್ತಾಳೆ, ಅವಳು ಏಳುವವರೆಗೆ ನಾವಿಬ್ಬರು ನಮ್ಮ ಪ್ರಾರ್ಥನೆ ಶುರು ಮಾಡುವುದಿಲ್ಲ.

ದಾರ ಹರಿದದ್ದನ್ನು ಬರೆದರೆ ನೀವು ನಿದ್ದೆ ಬಿಡುತ್ತೀರಿ, ಕಟ್ಟಿಸಿದ ಮೇಲೆ ತಿಳಿಸೋಣ ಎಂದು ಸುಮ್ಮನಾದೆ. ಫೋಟೊದಲ್ಲಿ ಅದು ಕಾಣುತ್ತದೆ ಎಂದು ಹೊಳೆಯಲೇ ಇಲ್ಲ. ಅದು ನನ್ನ ತಪ್ಪು.

ಈಗ ವಿಚಾರಣೆ ಇದೆ. ದೂರು ನಿಜವೆಂದು ಕಂಡರೆ ವಾಣಿಯನ್ನು ಕಾರವಾರದ ಮಕ್ಕಳ ಮನೆಗೆ ಕಳಿಸುತ್ತಾರೆ. ನಮ್ಮ ಮನೆಯಿಂದ ಬಿಡಿಸಿ ಎಂದು ಬರೆದಿರಿ, ನಿಮ್ಮ ಮನೆಗೆ ಕೊಡಿ ಎಂದು ಬರೆಯಲಿಲ್ಲ. ಆ ಮಗು ಎಲ್ಲಿಗೆ ಹೋಗಬೇಕು ದೇವಕ್ಕಾ?

ಬೆನೆಡಿಕ್ಟಾ


ಗುಡ್ನಾಪುರ
೧೨ ಡಿಸೆಂಬರ್ ೨೦೨೩

ಬಾಯಾರ,

ಯಾವ ಮಾರಿ ಇಟಗೊಂಡು ಬರೀಲಿ. ಫೋಟೊ ನೋಡಿದೆ. ಕೂಸಿನ ಮಾರಿ ಥೇಟ್ ಶಿಲ್ಪಾನ ಮಾರಿ. ಆಮ್ಯಾಲ ಕೊರಳು ನೋಡಿದೆ. ಬರೀ ಕೊರಳು. ಹಿಂದ ಶಿಲುಬಿ ಮಗ್ಗಲದಾಗ ಆ ತಗ್ಗಾದ ಕರಡಿಗಿ. ನನಗ ಉಳದದ್ದು ಅದೊಂದ ಅಂತ ಬರದ ಮ್ಯಾಲೂ ಇವರು ಅದನ್ನ ತಗದ್ರಲ್ಲ ಅಂತ ಹೊಟ್ಟಿ ಉರೀತು. ಕೇಳಬೇಕಿತ್ತು, ಕೇಳಲಿಲ್ಲ. ತಪ್ಪಾತ್ರಿ.

ಮುಂದಿಂದು ಕೇಳ್ರಿ. ದೂರು ಬರದ್ರ ವಿಚಾರಣಾ ನಿಮ್ಮನಿಗೆ ಅಷ್ಟ ಬರತದ ಅಂತ ತಿಳದಿದ್ದೆ ನಾ ಹುಚ್ಚಿ. ಮೊನ್ನೆ ನಮಿತಾ ಮೇಡಂ ಜೀಪಿನಾಗ ನಮ್ಮ ಅಂಗಳಕ್ಕ ಬಂದು ಇಳದ್ರು. ನಮ್ಮ ಮನಿಯವರು ಪೇಪರ್ ಓದಕೋತ ಕುಂತಿದ್ರು. ಮೇಡಂ ದೂರು ಓದಿ ಹೇಳಿದ್ರು. "ಮೊಮ್ಮಗಳ ಲಿಂಗ ತೆಗೆದಿದ್ದಾರೆಂದು ನಿಮ್ಮ ಪತ್ನಿಯವರು ಬರೆದಿದ್ದಾರೆ" ಅಂದ್ರು.

ಇವರು ನನ್ನ ಕಡೆ ನೋಡಿದ್ರು. "ಆ ಕೂಸಿಗೆ ಲಿಂಗ ಯಾರು ಕಟ್ಟಿದ್ರು?" ನಾ ಕಟ್ಟಿದೆ ಅಂದೆ. ಮುಗೀತು ನನ್ನ ಕತಿ, ಇನ್ನ ನಾನೂ ಬಾಗಲದ ಹೊರಗ ಅಂತ ಸೆರಗ ಬಿಗಿ ಹಿಡಕೊಂಡು ನಿಂತೆ. ಅವರು ಎದ್ದರು. ಪೇಪರ್ ಒಗದ್ರು. "ತಗದ್ರಂದ್ರ ಏನು? ಲಿಂಗ ಕಟ್ಟಿದ ಕೂಸಿನ ಮೈಮ್ಯಾಲಿಂದ ಲಿಂಗ ತಗದ್ರಂದ್ರ ಏನು? ಯಾರಂತ ತಿಳಕೊಂಡಾರ ಅವರು ನಮ್ಮನ್ನ!" ಅಂತ ಮೇಡಂ ಮ್ಯಾಲ ಒದರಾಡಿದ್ರು. ನಲವತ್ತು ವರ್ಷದಾಗ ಅವರು ಅಷ್ಟ ಜೋರ ಮಾತಾಡಿದ್ದು ನಾ ಕೇಳಿಲ್ಲ.

ಅವಾಗ ನನಗ ಎಲ್ಲಿಂದ ಧೈರ್ಯ ಬಂತೋ ಶಿವನ ಬಲ್ಲ. ಅಂದೆ: "ನಿಮಗ್ಯಾಕ ಸಿಟ್ಟು? ಆ ಹೆಸರಿನ ಮಗಳು ನಮಗಿಲ್ಲ ಅಂದಿದ್ರಿ. ಇಲ್ಲದ ಮಗಳ ಕೂಸಿನ ಲಿಂಗ ಹೋದ್ರ ನಿಮಗೇನಾತು?"

ಅವರು ಚಪ್ಪಲಿ ಮೆಟ್ಟಿದ್ರು. ಕೆರಿ ಕಡೆ ಹೋದ್ರು. ಸಂಜಿಗೆ ಬಂದು, ನಿಮ್ಮ ಕಾಗದ ಎಲ್ಲಾ ಅದಾವೇನು ಅಂತ ಕೇಳಿದ್ರು. ಮಂಜಿ ಮನಿಯಿಂದ ತಂದಕೊಟ್ಟೆ. ಮ್ಯಾಗಿಂದ ಮ್ಯಾಗ ಓದಾಕ ಹತ್ಯಾರ. ಮೀನದ ಸಾಲು ಬಂದಾಗ ಮಾತ್ರ ಒಮ್ಮೆ "ಹೂಂ" ಅಂದ್ರು.

ದೇವಕ್ಕ


ಯಲ್ಲಾಪುರ
೨೨ ಡಿಸೆಂಬರ್ ೨೦೨೩

ದೇವಕ್ಕಾ,

ನಿಮ್ಮ ಕಾಗದವನ್ನು ಇನಾಸರಿಗೆ ಓದಿ ಹೇಳಿದೆ. "ಆ ಮನುಷ್ಯ ಬೈಯಲಿಕ್ಕಾದರೂ ಬರಲಿ" ಎಂದರು.

ನಮಿತಾ ಮೇಡಂ ಇಲ್ಲಿಗೂ ಬಂದು ಹೋದರು. ಬೆಳಿಗ್ಗೆ ಏಳಕ್ಕೇ ಬಂದಿದ್ದರು, ಹೇಳದೆ. ವಾಣಿ ಅಲ್ತಾರಿನ ಎದುರು ಇಬತ್ತಿ ಹಚ್ಚಿಕೊಂಡು ಕೂತಿದ್ದಳು, ನಾವು ಹಿಂದೆ ಕಾಯುತ್ತಾ ನಿಂತಿದ್ದೆವು. ಅವರು ನೋಡಿದ್ದನ್ನು ಬರೆದುಕೊಂಡು ಚಹಾ ಕುಡಿದು ಹೋದರು. ಸಮಿತಿ ಮಗುವನ್ನು ಸದ್ಯಕ್ಕೆ ಇಲ್ಲಿಂದ ಕದಲಿಸುವುದಿಲ್ಲವಂತೆ. ಆದರೆ ಏಪ್ರಿಲ್ ಏಪ್ರಿಲ್ಲೇ.

ಕರಡಿಗೆ ಇನ್ನೂ ಅಲ್ಲೇ ಇದೆ. ದೂರು ಬಂದ ಮೇಲೆ ಅದನ್ನು ಯಾರಿಂದಲೂ ಕಟ್ಟಿಸಲು ನನಗೆ ಮನಸ್ಸಾಗಲಿಲ್ಲ. ಯಾರ ಮನೆಯದೋ ಅವರೇ ಬಂದು ಕಟ್ಟಲಿ.

ಒಂದು ಮಾತು ನಾನೂ ಮುಚ್ಚಿಟ್ಟಿದ್ದೆ. ಏಪ್ರಿಲ್ ಏಪ್ರಿಲ್ ಎಂದು ನಿಮ್ಮನ್ನು ತಿವಿಯುತ್ತಿದ್ದೆನಲ್ಲ, ಪ್ರತಿ ಸಲ ಬರೆಯುವಾಗಲೂ ನೀವು ಇಲ್ಲವೆನ್ನಲಿ, ಸಮಿತಿಯವರು ಏನೋ ವಿನಾಯಿತಿ ಕೊಟ್ಟು ನಮಗೇ ಬಿಡಲಿ ಎಂದು ಒಳಗೆ ಆಸೆ ಇತ್ತು. ಅದು ಆಗುವ ಮಾತಲ್ಲ ಎಂದು ಗೊತ್ತಿದ್ದೂ ಇತ್ತು. ನನ್ನ ತಿವಿತ ನಿಮಗಿಂತ ಹೆಚ್ಚು ನನಗೇ ಬೇಕಿತ್ತು.

ಬೆನ್ನಿಬಾಯಿ


ಗುಡ್ನಾಪುರ
೨೦ ಜನವರಿ ೨೦೨೪

ಬಾಯಾರ,

ನಿಮ್ಮನ್ಯಾಗ ಮಾತಾಡಾಕ ಆಗಲಿಲ್ಲ. ಅದಕ್ಕ ಬರೀತೀನಿ.

ಸಂಕ್ರಾಂತಿ ಹಿಂದಿನ ದಿನ ಮುಂಜಾನೆ ಇವರು, "ಸೀರಿ ಉಡು, ಯಲ್ಲಾಪುರಕ್ಕ ಹೋಗಿಬರೂಣು. ಆ ಲಿಂಗ ಅಲ್ಲಿಂದ ತರಬೇಕು" ಅಂದ್ರು. ಕೂಸಿನ ಮಾತ ಆಡಲಿಲ್ಲ. ಲಿಂಗ ಅಷ್ಟ ತಗೊಂಡು, ಕೂಸಿನ ಮಾರಿ ನೋಡದ ತಿರುಗತಾರ ಅಂತ ನಾ ದಾರಿ ತುಂಬಾ ಅಂಜಕೋತ ಬಂದೆ. ಶಿರಸಿ ಬಸ್‌ಸ್ಟ್ಯಾಂಡಿನಾಗ, ಎಲಿ ಅಡಿಕಿ ತರತೀನಿ ಅಂತ ಇಳದು ಹೋಗಿ ಬಂದ್ರು. ಕೈಯಾಗ ಎಲಿ ಅಡಿಕಿ ಇರಲಿಲ್ಲ. ನಾ ಕೇಳಲಿಲ್ಲ.

ನಿಮ್ಮ ಹೊಸ್ತಿಲದಾಗ ಅವರು ನಿಂತದ್ದು ನೀವು ನೋಡೀರಿ. ನಿಮ್ಮ ಯಜಮಾನರು ಕುರ್ಚಿ ತಂದ್ರು, ಕುಂಡರಲಿಲ್ಲ. ಲಿಂಗ ತಂದಕೊಡ್ರಿ ಅಂದ್ರು. ನೀವು, "ನಾನು ಮುಟ್ಟುವುದಿಲ್ಲ, ನೀವೇ ಒಳಗೆ ಹೋಗಿ ತೆಗೆದುಕೊಳ್ಳಿ" ಅಂದ್ರಲ್ಲ, ಆವಾಗ ನನಗ ನಿಮ್ಮ ಮ್ಯಾಲ ಭಾಳ ಸಿಟ್ಟ ಬಂತು. ಈ ಬಾಯಿ ಬೇಕಂತನ ಅವರನ್ನ ಶಿಲುಬಿ ಮುಂದ ನಿಂದರಸ್ತಾಳ ಅನಸ್ತು. ಈಗ ತಿಳೀತದ, ಹಂಗ ಅಂದಿದ್ದಕ್ಕ ಅವರು ಒಳಗ ಬಂದ್ರು. ಇಲ್ಲಂದ್ರ ಹೊಸ್ತಿಲದಿಂದನ ಹೊಳ್ಳಿ ಹೋಗತಿದ್ರು.

ಒಳಗ ಕೂಸು ಇತ್ತು. ಎದ್ದು ನಿಂತು, "ನೀವು ಅಯ್ನೋರಾ? ದಾರ ಕಟ್ಟಾಕೆ ಬಂದ್ರಾ?" ಅಂತ ಕೇಳತು. ಅವರು ಕೂಸಿನ ಮುಂದ ನೆಲಕ್ಕ ಕುಂತ್ರು. ಆಮ್ಯಾಲ, "ಅಲ್ಲವಾ, ನಾ ನಿಮ್ಮಜ್ಜ" ಅಂದ್ರು. ನಿಮ್ಮ ಬಚ್ಚಲದಾಗ ತಣ್ಣೀರ ಜಳಕಾ ಮಾಡಿ ಬಂದು ಕಿಸೆಕ್ಕ ಕೈ ಹಾಕಿದ್ರು. ಹೊಸಾ ಶಿವದಾರ. ಶಿರಸಿಯಾಗ ಇಳದದ್ದು ಅದಕ್ಕ. ಬರೇ ಲಿಂಗ ತರಾಕ ಹೊಂಟವರಿಗೆ ದಾರ ಯಾಕ ಬೇಕಿತ್ರಿ?

ಅಯ್ಯನವರು ಬೇಕಲ್ಲವಾ ಅಂತ ನೀವು ಕೇಳಿದ್ರಿ. ಮೊದಲನೇ ಸಲ ಕೊಡಾಕ ಅಯ್ನೋರು ಬೇಕು, ಹರದ ದಾರ ಕಟ್ಟಾಕ ಮನಿ ಹಿರ್ಯಾರು ಸಾಕು ಅಂದ್ರು. ಮನಿ ಹಿರ್ಯಾರು ಅಂದ್ರು, ಕೇಳಿಸಿತಿಲ್ಲೋ ನಿಮಗ? ನಾ ಹಿತ್ತಲಕ್ಕ ಹೋಗಿ ಅತ್ತೆ. ನಿಮ್ಮ ಪೇರಲ ಗಿಡದ ಬುಡಕ.

ಅರ್ಜಿಗೆ ಸಂಕ್ರಾಂತಿ ಮರದಿನ ಇಬ್ಬರೂ ಸಹಿ ಹಾಕಿ ಕಾರವಾರಕ್ಕ ಕಳಸೀವಿ. ಇವರ ಸಹಿ ಮೊದಲು.

ದೇವಕ್ಕ


ಯಲ್ಲಾಪುರ
೨೮ ಮೇ ೨೦೨೪

ದೇವಕ್ಕಾ,

ವಾಣಿ ನಿಮ್ಮಲ್ಲಿಗೆ ಬಂದು ಇವತ್ತಿಗೆ ನಲವತ್ತು ದಿನ. ನೀವು ಬರೆದ ಎರಡು ಕಾಗದಕ್ಕೂ ಉತ್ತರ ಕೊಡಲಿಲ್ಲ. ಕೋಪವಿಲ್ಲ. ಬರೆಯಲು ಕೂತರೆ ಪೆನ್ನು ಮುಂದೆ ಹೋಗಲಿಲ್ಲ.

ಆದೇಶ ಕೈಗೆ ಕೊಡುವಾಗ ನಮಿತಾ ಮೇಡಂ, "ನೀವು ಮಾಡಬೇಕಾದದ್ದನ್ನು ಸರಿಯಾಗಿ ಮಾಡಿದಿರಿ" ಎಂದರು. ಸರಿಯಾಗಿ ಮಾಡಿದರೆ ಮನೆ ಖಾಲಿಯಾಗುತ್ತದೆ, ಅದೆಂಥ ಕೆಲಸವೋ ಮಾರಾಯ್ತಿ. ಪಾದ್ರಿಗಳು ಇನ್ನೊಂದು ಮಗುವಿನ ವಿಷಯ ಎತ್ತಿದ್ದರು, ಸಿದ್ದಾಪುರ ಕಡೆಯದು. ಮಳೆಗಾಲ ಕಳೆಯಲಿ ಎಂದಿದ್ದೇನೆ.

ವಾಣಿ ಹೋದ ಮೇಲೆ ಮೊದಲ ಸಲ ಮೊನ್ನೆ ಇನಾಸ್ ಬಂಗಡೆ ತಂದರು. ಹೆಚ್ಚಿ, ಉಪ್ಪು ಖಾರ ಹಚ್ಚಿ, ತಟ್ಟೆಯಲ್ಲಿಟ್ಟುಕೊಂಡು ಕಾರ್ಮಿನ್ ಬಾಯಿಯ ಮನೆಗೆ ಹೊರಟೆ. ಗೇಟು ದಾಟಿ ರಸ್ತೆಗೆ ಬಂದ ಮೇಲೆ ನೆನಪಾಯಿತು, ಇನ್ನು ನಮ್ಮ ಒಲೆಯಲ್ಲೇ ಹುರಿಯಬಹುದು ಎಂದು. ರಸ್ತೆಯಲ್ಲಿ ತಟ್ಟೆ ಹಿಡಿದುಕೊಂಡು ಅತ್ತುಬಿಟ್ಟೆ. ಲಾರಿಯವನೊಬ್ಬ ನಿಲ್ಲಿಸಿ ಏನಾಯಿತಮ್ಮ ಎಂದು ಕೇಳಿದ. ಮೀನು ಕೆಟ್ಟಿದೆ ಎಂದೆ.

ಮೀನನ್ನು ಕೊನೆಗೆ ಕಾರ್ಮಿನ್ ಬಾಯಿಯ ಮನೆಯಲ್ಲೇ ಹುರಿದೆವು.

ಆಗಾಗ ಬಂದು ಹೋಗುತ್ತಿರಿ ಎಂದು ನೀವು ಬರೆದಿದ್ದೀರಿ. ಬರುವುದಿಲ್ಲ, ಸದ್ಯಕ್ಕೆ. ಮಗು ಅಲ್ಲಿ ಬೇರು ಬಿಡಬೇಕು. ನನ್ನ ಮುಖ ಕಂಡರೆ ಅವಳಿಗೂ ಕಷ್ಟ. ಅವಳು ನನ್ನನ್ನು ಮರೆತರೆ ನಿಮ್ಮ ಸಾಕಣೆ ಚೆನ್ನಾಗಿದೆ ಎಂದೇ ತಿಳಿಯುತ್ತೇನೆ. ಅಷ್ಟು ದೊಡ್ಡ ಮನಸ್ಸು ನನಗಿಲ್ಲ, ಆದರೂ ಬರೆದಿದ್ದೇನೆ.

ಬೆನ್ನಿಬಾಯಿ


ಗುಡ್ನಾಪುರ
೧ ಸೆಪ್ಟೆಂಬರ್ ೨೦೨೪

ಬಾಯಾರ,

ನೀವು ಹ್ವಾದ ವರ್ಷ ವಿಳಾಸ ಬರದ ಕಳಿಸಿದ ಕಾರ್ಡು ಇನ್ನೂ ಇತ್ತು. ಅದರಾಗ ಬರೀತೀನಿ, ಜಾಗಾ ಸಣ್ಣದು.

ಮರತಿಲ್ರಿ. ಮುಂಜಾನೆ ಲಿಂಗ ಹಿಡಕೊಂಡು ಕುಂತು ಎದ್ದ ಮ್ಯಾಲ ಹಿಂದಕ್ಕ ಹೊಳ್ಳಿ ನೋಡತೈತಿ, ಯಾರೋ ಕಾಯಾಕ ಹತ್ಯಾರ ಅನ್ನೂಹಂಗ. ಈಗ ಇವರು ದಿನಾ ಹಿಂದ ಬಂದು ನಿಂದರತಾರ.

ಎಂಟನೇ ತಾರೀಖು ಮರಿಯಮ್ಮನ ಹಬ್ಬ, ಬೆನ್ನಿಬಾಯಿಗೆ ಹೂವು ಬೇಕು ಅಂತ ಕೂಸು ವಾರದಿಂದ ಗಂಟ ಬಿದ್ದೈತಿ. ನಿನ್ನೆ ಅಜ್ಜಾರು ತಾವ ಬೇಲಿ ಸುತ್ತ ತಿರುಗಿ, ಯಾವ ಹೂವು ಬಾಡೂದಿಲ್ಲ ಅಂತ ನೋಡಿ ಬಂದ್ರು. ಮೊದಲನೇ ಬಸ್ಸಿಗೆ ಮೂರೂ ಮಂದಿ ಬರತೀವಿ. ಅವತ್ತು ನಿಮ್ಮನ್ಯಾಗ ಮೀನಿಲ್ಲಲ್ಲ, ಊಟಕ್ಕ ಅಲ್ಲೇ ಇರತೀವಿ ಅಂತ ಬರೀ ಅಂತ ಇವರು ಹೇಳ್ಯಾರ.

ಹ್ವಾದ ವರ್ಷ ನಿಂದರಿಸಿದ ಜಾಗಾದಾಗ ನಿಂದರಿಸಿ ಒಂದ ಫೋಟೊ ತಗೀರಿ. ದಾರ ಕಾಣಬೇಕು.

ದೇವಕ್ಕ